ಗಣೆ, ತಂಬೂರಿ, ತಮಟೆಯ ಮುಂದೆ ಜೂಮ್ ಎಚ್1 ಎಸೆನ್ಷಿಯಲ್

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ತತ್ವಪದ, ಸೋಬಾನೆ, ಗಣೆ ಎಂಬ ಬಿದಿರು ಕೊಳವೆಯ ಪದ, ಮೂಡಲಪಾಯ ಯಕ್ಷಗಾನದ ಪ್ರಸಂಗಗಳನ್ನು ದಾಖಲಿಸಲು ಹೊರಟವರಿಗೆ ಕಡಿಮೆ ದುಡ್ಡಿನಲ್ಲಿ ಸಿಗುವ ರೆಕಾರ್ಡರುಗಳಲ್ಲಿ ಜಪಾನಿನ ಜೂಮ್ ಕಂಪನಿಯ ಎಚ್1 ಎಸೆನ್ಷಿಯಲ್‌ಗೆ ನಮ್ಮ ಮೊದಲ ಮತ. 2024ರ ಆರಂಭದಲ್ಲಿ ಬಂದ ಯಂತ್ರ ಇದು. ಅಂಗೈಯಲ್ಲಿ ಹಿಡಿಸುತ್ತದೆ, ಎರಡು ಸಣ್ಣ ಟ್ರಿಪಲ್-ಎ ಸೆಲ್ ಹಾಕಿದರೆ ಓಡುತ್ತದೆ. ಇದನ್ನು ಮೇಲೆ ಇಡಲು ಕಾರಣ ಒಂದೇ: ಧ್ವನಿಯ ಮಟ್ಟವನ್ನು ಮೊದಲೇ ತಿರುಗಿಸಿ ಹೊಂದಿಸುವ ಕೆಲಸ ಇದರಲ್ಲಿಲ್ಲ. ಆ ಗುಂಡಿಯೇ ಇಲ್ಲ. ಅಜ್ಜಿಯೊಬ್ಬರು ಮೆಲ್ಲಗೆ ಶುರು ಮಾಡಿ ಮೂರನೇ ಸೊಲ್ಲಿಗೆ ಗಂಟಲು ಬಿಚ್ಚಿದಾಗ ಹಳೆಯ ಯಂತ್ರಗಳಲ್ಲಿ ಧ್ವನಿ ಒಡೆದು ಹಾಳಾಗುತ್ತಿತ್ತಲ್ಲ, ಆ ನಷ್ಟ ಇಲ್ಲಿ ಬಹುಮಟ್ಟಿಗೆ ನಿಂತಿದೆ.

ಕೈಯಲ್ಲಿ ಫೋನ್ ಇರುವಾಗ ಇದೇಕೆ ಎಂದು ಕೇಳುವವರಿಗೆ ಉತ್ತರ ತಂಬೂರಿಯಲ್ಲಿದೆ. ಫೋನಿನ ರೆಕಾರ್ಡರನ್ನು ಮಾತು ಹಿಡಿಯಲೆಂದು ಮಾಡಿರುತ್ತಾರೆ. ಒಂದೇ ಸಮನೆ ಕೇಳಿಸುವ ಸದ್ದನ್ನು ಫ್ಯಾನಿನ ಗುಂಯ್ ಎಂದು ಬಗೆದು ಅದುಮುವ ಏರ್ಪಾಡು ಅನೇಕ ಫೋನುಗಳಲ್ಲಿದೆ. ತಂಬೂರಿಯ ಶ್ರುತಿಯೂ ಒಂದೇ ಸಮನೆ ಕೇಳಿಸುವುದೇ. ಕೈವಾರದ ತಾತಯ್ಯನವರ ಪದವೊಂದನ್ನು ಹೀಗೆ ಹಿಡಿದರೆ ಶ್ರುತಿ ಬಂದು ಬಂದು ಹೋಗುತ್ತದೆ, ದಮ್ಮಡಿಯ ಗೆಜ್ಜೆ ಮಸುಕಾಗುತ್ತದೆ. ಜೊತೆಗೆ ಹಾಡುವವರು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಫೋನು ತಾನೇ ಧ್ವನಿ ಏರಿಸಿ ದೂರದ ನಾಯಿ ಬೊಗಳುವುದನ್ನು ಹತ್ತಿರ ತರುತ್ತದೆ, ಹಾಡು ಎದ್ದೊಡನೆ ತಗ್ಗಿಸುತ್ತದೆ. ಹಾಡುಗಾರರು ಬೇಕೆಂದೇ ಮಾಡಿದ ಏರಿಳಿತ ಸಪಾಟಾಗುತ್ತದೆ. ನಡುವೆ ಕರೆ ಬಂದರೆ ದಾಖಲೆ ಅಲ್ಲಿಗೇ ತುಂಡಾಗುವುದೂ ಉಂಟು. ವಾಟ್ಸಾಪಿನ ಧ್ವನಿ ಸಂದೇಶವಂತೂ ಸುದ್ದಿ ಮುಟ್ಟಿಸಲು ಸರಿ, ಸಂಗ್ರಹಕ್ಕೆ ಸಲ್ಲದು.

ಗುಂಡಿ ಇಲ್ಲದೆ ಇದು ಹೇಗೆ ಸಾಧ್ಯ? ಯಂತ್ರದೊಳಗೆ ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ಭಾಗಗಳು ಎರಡಿವೆ. ಒಂದು ಮೆಲ್ಲನೆಯ ಸದ್ದಿಗೆ, ಇನ್ನೊಂದು ಜೋರು ಸದ್ದಿಗೆ. ಎರಡನ್ನೂ ಕೂಡಿಸಿ 32 ಬಿಟ್ ಫ್ಲೋಟ್ ಎಂಬ ಬಗೆಯ ವೇವ್ ಕಡತವಾಗಿ ಬರೆಯುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದಾಗ ಅಲೆ ಗೆರೆ ಮೀರಿ ಚಪ್ಪಟೆಯಾದಂತೆ ಕಂಡರೂ ಮಟ್ಟ ಇಳಿಸಿದರೆ ಧ್ವನಿ ಇಡಿಯಾಗಿ ಸಿಗುತ್ತದೆ. ಇದರ ಉಪಯೋಗ ರಾತ್ರಿಯಿಡೀ ನಡೆಯುವ ಆಟಗಳಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಇಂಡೋನೇಷ್ಯಾದ ಜಾವಾದಲ್ಲಿ ವಯಾಂಗ್ ಕುಲಿತ್ ಎಂಬ ತೊಗಲುಗೊಂಬೆಯಾಟವಿದೆ. ಯುನೆಸ್ಕೋ 2003ರಲ್ಲೇ ಅದನ್ನು ಮಾನವಕುಲದ ಮೌಖಿಕ ಪರಂಪರೆಯ ಮೇರುಕೃತಿ ಎಂದು ಸಾರಿತು. ದಲಾಂಗ್ ಎನ್ನುವ ಒಬ್ಬನೇ ಸೂತ್ರಧಾರ ಎಲ್ಲ ಗೊಂಬೆಗಳ ಮಾತನ್ನೂ ಆಡುತ್ತ ಬೆಳಗಿನ ಜಾವದವರೆಗೆ ಕಥೆ ನಡೆಸುತ್ತಾನೆ, ಅವನ ಹಿಂದೆ ಗಮೆಲಾನಿನ ಕಂಚಿನ ವಾದ್ಯಗಳು ಮೊಳಗುತ್ತವೆ. ಪಿಸುಮಾತಿಗೂ ಕಂಚಿನ ಮೊಳಗಿಗೂ ಒಂದೇ ಮಟ್ಟ ಇಟ್ಟು ರಾತ್ರಿ ಕಳೆಯುವುದು ಹಳೆಯ ಯಂತ್ರಗಳಿಗೆ ಆಗದ ಮಾತಾಗಿತ್ತು. ತಿಪಟೂರು, ತುರುವೇಕೆರೆ ಕಡೆಯ ಮೂಡಲಪಾಯದಲ್ಲೂ ಇದೇ ಕಷ್ಟ. ಭಾಗವತರ ಪದ, ಮುಖವೀಣೆಯ ಚೂಪು ದನಿ, ಮದ್ದಳೆ, ರಾಕ್ಷಸ ವೇಷದ ಅಬ್ಬರ, ನಡುವೆ ಸ್ತ್ರೀವೇಷದ ಮೆಲುಮಾತು. ಎಚ್1 ಇವೆಲ್ಲವನ್ನೂ ಯಾರೂ ಕೈಹಾಕದೆ ತಾನೇ ನಿಭಾಯಿಸುತ್ತದೆ.

ಆದರೆ ಈ ಹೊಸ ಬಗೆಯನ್ನು ಸರ್ವರೋಗದ ಮದ್ದೆಂದು ತಿಳಿದವರು ಎರಡು ಕಡೆ ಏಟು ತಿನ್ನುತ್ತಾರೆ.

ಮೊದಲನೆಯದು ತಮಟೆ. ಎಚ್1ರ ಮೈಕು ತಾಳುವುದು 120 ಡೆಸಿಬೆಲ್‌ವರೆಗೆ. ಅದನ್ನು ದಾಟಿದರೆ ಒಡೆಯುವುದು ಮೈಕಿನ ಪೊರೆಯಲ್ಲೇ. ಆಮೇಲೆ ಕಡತ ಎಷ್ಟೇ ಬಿಟ್‌ನದಿದ್ದರೂ ಸರಿಮಾಡಲಾಗದು. ಬೆಂಕಿಗೆ ಕಾಯಿಸಿ ಬಿಗಿ ಮಾಡಿದ ತಮಟೆಯ ಏಟು ಒಂದು ಮೊಳ ದೂರದಲ್ಲಿ ಆ ಮಿತಿಯ ಹತ್ತಿರಕ್ಕೆ ಬಂದುಬಿಡಬಹುದು. ಹತ್ತು ಹನ್ನೆರಡು ಅಡಿ ಹಿಂದೆ ಸರಿದು, ಎತ್ತರದ ಸ್ಟ್ಯಾಂಡಿನ ಮೇಲೆ ತಲೆಗಿಂತ ತುಸು ಮೇಲಕ್ಕೆ ಇಡಿ. ಉರುಮೆ, ಅರೆವಾದ್ಯಕ್ಕೂ ಇದೇ ಅಳತೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯ ತಮಟೆ. ದಪ್ಪ ಕೋಲಿನ ಏಟು, ಸಣ್ಣ ಕಡ್ಡಿಯ ಏಟು ಬೇರೆಬೇರೆಯಾಗಿ ಕೇಳದ ದಾಖಲೆಯಿಂದ ಕಲಿಯುವ ಹುಡುಗರಿಗೆ ಏನೂ ದಕ್ಕುವುದಿಲ್ಲ. ತಗ್ಗುದನಿಯನ್ನು ಕತ್ತರಿಸುವ ಲೋ-ಕಟ್ ಆಯ್ಕೆಯನ್ನು ಇಲ್ಲಿ ಮರೆಯದೆ ಆಫ್ ಮಾಡಿಡಿ, ಇಲ್ಲವಾದರೆ ತಮಟೆಯ ಹೊಟ್ಟೆದನಿ ಕತ್ತರಿಸಿ ಹೋಗಿ ತಗಡು ಬಡಿದಂತೆ ಕೇಳುತ್ತದೆ.

ಎರಡನೆಯದು ಮೆಲ್ಲನೆಯ ದನಿ. ಮಟ್ಟವನ್ನು ಆಮೇಲೆ ಏರಿಸಬಹುದು ನಿಜ, ಆದರೆ ಹಾಗೆ ಏರಿಸಿದಾಗ ಮೈಕಿನದೇ ಆದ ಸುಂಯ್ ಸದ್ದೂ ಏರುತ್ತದೆ. ಸಣ್ಣ ಮೈಕುಗಳೆಲ್ಲಕ್ಕೂ ಇರುವ ಗುಣವಿದು. ಎಂಬತ್ತು ದಾಟಿದ ಅಜ್ಜಿ ಕಂಬಕ್ಕೊರಗಿ ಗುನುಗುವುದನ್ನು ಐದಡಿ ದೂರದಿಂದ ಹಿಡಿದರೆ ಸುಂಯ್ ಸದ್ದೇ ಮುಂದಾಗುತ್ತದೆ. ಬಾಯಿಂದ ಒಂದೂವರೆ ಅಡಿಯೊಳಗೆ ಇಡಬೇಕು, ನೇರ ಬಾಯೆದುರು ಬೇಡ. ಗದ್ದದ ಮಟ್ಟದಲ್ಲಿ ಸ್ವಲ್ಪ ಪಕ್ಕಕ್ಕೆ ಇಟ್ಟರೆ ಪ-ಬ ಅಕ್ಷರಗಳ ಗಾಳಿ ತಾಗದು. ಯಂತ್ರ ಎದುರಿಗಿದ್ದರೆ ಮುಜುಗರ ಪಡುವವರಿಗೆ ಕಾಲರ್ ಮೈಕು ಒಳ್ಳೆಯದು. ಎಚ್1ರಲ್ಲಿ 3.5 ಮಿಮೀ ತೂತು ಇದೆ, ಕಾಲರ್ ಮೈಕಿಗೆ ಬೇಕಾದ ಸಣ್ಣ ವಿದ್ಯುತ್ತನ್ನೂ ಕೊಡುತ್ತದೆ. ಇಲ್ಲಿ ಎಡವುವವರು ಬಹಳ: ಫೋನಿಗೆಂದು ಮಾರುವ ಕಾಲರ್ ಮೈಕಿನ ಪಿನ್ನಿನ ಮೇಲೆ ಮೂರು ಕಪ್ಪು ಉಂಗುರ ಇರುತ್ತವೆ, ರೆಕಾರ್ಡರಿಗೆ ಬೇಕಾದುದು ಎರಡು ಉಂಗುರದ್ದು. ಮೂರುಂಗುರದ್ದನ್ನು ಚುಚ್ಚಿದರೆ ಧ್ವನಿ ಬರದೇ ಹೋಗಬಹುದು, ಇಲ್ಲವೇ ಕ್ಷೀಣವಾಗಿ ಬರಬಹುದು. ಬದಲಿಸುವ ಸಣ್ಣ ತುಂಡು ವೈರು ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ.

ಶಿರಾ, ಚಿಕ್ಕನಾಯಕನಹಳ್ಳಿ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಅವರ ದೈವ ಜುಂಜಪ್ಪನ ಗಣೆ ನುಡಿಸುವುದನ್ನು ಹಿಡಿಯುವವರು ಬೇರೆ ರೀತಿ ಯೋಚಿಸಬೇಕು. ಗಣೆ ಉದ್ದನೆಯ ಬಿದಿರಿನ ಕೊಳವೆ, ನಾದಕ್ಕಿಂತ ಮೊದಲು ಉಸಿರಿನ ಗಾಳಿ ಮೈಕಿಗೆ ಬಡಿಯುತ್ತದೆ. ಊದುವ ತುದಿಯ ಕಡೆ ಯಂತ್ರ ಇಡಬೇಡಿ. ಗಣೆಯ ನಡುಭಾಗಕ್ಕೆ ನೇರವಾಗಿ, ಮೂರಡಿ ಬಿಟ್ಟು, ಎದೆಮಟ್ಟದಲ್ಲಿ ಇಟ್ಟರೆ ಗಾಳಿಯೂ ನಾದವೂ ಹದವಾಗಿ ಸೇರುತ್ತವೆ. ಗಾಳಿಯನ್ನು ಪೂರ್ತಿ ಕಳೆಯಲು ಹೋಗಬಾರದು, ಗಣೆಯ ಜೀವ ಆ ಉಸಿರಿನಲ್ಲೇ ಇದೆ. ಬಯಲಿನಲ್ಲಿ, ಜುಂಜಪ್ಪನ ಗುಡ್ಡೆಯಂಥ ಎತ್ತರದ ಜಾಗದಲ್ಲಿ ಬೀಸುಗಾಳಿಯೇ ದೊಡ್ಡ ಶತ್ರು. ಆಷಾಢದ ಗಾಳಿಗೆ ಸ್ಪಂಜಿನ ಟೋಪಿ ಸಾಲದು. ತುಪ್ಪಳದಂತೆ ಕೂದಲಿರುವ ಗವುಸು ಬೇಕು, ಅದನ್ನು ಬೇರೆಯಾಗಿ ಕೊಳ್ಳಬೇಕು. ಅದಿಲ್ಲದಿದ್ದರೆ ಗಾಳಿಗೆ ಬೆನ್ನು ಕೊಟ್ಟು ಕೂತು, ನಿಮ್ಮ ಮೈಯನ್ನೇ ಮರೆ ಮಾಡಿ.

ಸೋಬಾನೆಯ ಗುಂಪನ್ನು ಅರ್ಧ ಚಂದ್ರಾಕಾರವಾಗಿ ಕೂರಿಸಿ, ನಾಲ್ಕು ಅಡಿ ದೂರದಲ್ಲಿ ಯಂತ್ರ ಇಡಿ. ಮುಂದೆ ಹೇಳಿಕೊಡುವವರು ಎಡಕ್ಕೆ, ಹಿಂದೆ ಸೊಲ್ಲು ಎತ್ತುವವರು ಬಲಕ್ಕೆ. ಎರಡು ಮೈಕುಗಳು 90 ಡಿಗ್ರಿ ಕೋನದಲ್ಲಿ ಕತ್ತರಿ ಹಾಕಿದಂತಿರುವುದರಿಂದ ಎಡಬಲ ಬೇರೆಯಾಗಿ ಕೇಳುತ್ತದೆ, ಪಠ್ಯ ಬರೆದುಕೊಳ್ಳುವಾಗ ಯಾರು ಯಾವ ಮಾತು ಸೇರಿಸಿದರೆಂಬುದು ತಿಳಿಯುತ್ತದೆ. ಬಾಲಿಯಲ್ಲಿ ಮಬೆಬಾಸನ್ ಎಂಬ ಓದುಕೂಟಗಳಿವೆ. ಒಬ್ಬರು ಹಳೆಯ ಜಾವಾ ಭಾಷೆಯ ಕಕವಿನ್ ಕಾವ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅದರ ಅರ್ಥವನ್ನು ಬಾಲಿ ಭಾಷೆಯಲ್ಲಿ ಬಿಡಿಸುತ್ತ ಹೋಗುತ್ತಾರೆ. ಬಾಲಿಯ ರೇಡಿಯೋ, ಟಿವಿಗಳಲ್ಲಿ ಕೇಳುಗರು ಫೋನಿನಲ್ಲೇ ಹಾಡಿ ಅರ್ಥ ಹೇಳಿಸುವ ಕಾರ್ಯಕ್ರಮಗಳೂ ಬೆಳೆದಿವೆ. ನಮ್ಮ ಗಮಕ ವಾಚನ-ವ್ಯಾಖ್ಯಾನದ ಏರ್ಪಾಡೂ ಅದೇ. ಇಂಥದ್ದಕ್ಕೆ ವಾಚನಕಾರರನ್ನು ಒಂದು ಬದಿಗೆ, ವ್ಯಾಖ್ಯಾನಕಾರರನ್ನು ಇನ್ನೊಂದು ಬದಿಗೆ, ಇಬ್ಬರಿಗೂ ಎರಡೂವರೆ ಅಡಿ ದೂರದಲ್ಲಿ ಯಂತ್ರ ಇಟ್ಟರೆ ಸಾಕು. ವ್ಯಾಖ್ಯಾನವನ್ನು ಕತ್ತರಿಸಿ ಪದ್ಯವನ್ನಷ್ಟೇ ಉಳಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ, ಅದು ದೊಡ್ಡ ಅನ್ಯಾಯ. ಆ ಊರಿನವರು ಆ ಪದ್ಯವನ್ನು ಹೇಗೆ ಅರ್ಥ ಮಾಡಿಕೊಂಡಿದ್ದರೆಂಬುದು ವ್ಯಾಖ್ಯಾನದಲ್ಲಷ್ಟೇ ಉಳಿದಿರುತ್ತದೆ.

ಜಾಗದ ಆಯ್ಕೆ ಯಂತ್ರಕ್ಕಿಂತ ಮುಖ್ಯ. ಶೀಟಿನ ಮನೆ, ಕಲ್ಲಿನ ಮಂಟಪ ಎರಡೂ ಮರುದನಿ ಕೊಡುತ್ತವೆ. ಹಳೆಯ ಮಣ್ಣಿನ ಗೋಡೆಯ ಪಡಸಾಲೆ, ಚೀಲಗಳನ್ನು ಒಟ್ಟಿದ ಕೋಣೆ ಒಳ್ಳೆಯವು. ಫ್ಯಾನ್, ಫ್ರಿಜ್ ನಿಲ್ಲಿಸಿ. ಪಂಪ್‌ಸೆಟ್ಟಿನ ಮೋಟಾರು ಯಾವ ಹೊತ್ತಿಗೆ ಶುರುವಾಗುತ್ತದೆಂದು ಮೊದಲೇ ಕೇಳಿಕೊಳ್ಳಿ. ಯಂತ್ರವನ್ನು ಕೈಯಲ್ಲಿ ಹಿಡಿಯಲೇಬೇಡಿ, ಪ್ಲಾಸ್ಟಿಕ್ ಮೈಯಾದ್ದರಿಂದ ಬೆರಳು ಸರಿದ ಸದ್ದೂ ದಾಖಲಾಗುತ್ತದೆ. ಹಿಂಬದಿಯಲ್ಲಿ ಸ್ಟ್ಯಾಂಡಿನ ತಿರುಪು ಇದೆ. ಸ್ಟ್ಯಾಂಡ್ ಇಲ್ಲದಿದ್ದರೆ ನಾಲ್ಕು ಮಡಿಕೆ ಟವೆಲ್ಲಿನ ಮೇಲೆ ಇಡಿ, ಬರಿ ಮಣೆಯ ಮೇಲಿಟ್ಟರೆ ತಾಳ ಹಾಕುವವರ ಕಾಲಿನ ಕಂಪ ಏರಿಬರುತ್ತದೆ.

ಗುಂಡಿ ಒತ್ತಿದ ಮೇಲೆ ಮೊದಲ ಮಾತು ನಿಮ್ಮದಾಗಿರಲಿ: ಊರು, ತಾಲ್ಲೂಕು, ತಾರೀಖು, ಹಾಡುವವರ ಹೆಸರು, ಅವರಿಗೆ ಹಾಡು ಯಾರಿಂದ ಬಂತು, ಇದು ಯಾವ ಸಂದರ್ಭದ ಹಾಡು. ಆಮೇಲೆ ಹತ್ತು ಸೆಕೆಂಡ್ ಎಲ್ಲರೂ ಸುಮ್ಮನಿರಿ. ಆ ಜಾಗದ ಬರಿ ಸದ್ದು ಹೀಗೆ ಸಿಕ್ಕಿದರೆ ಮುಂದೆ ಗದ್ದಲ ತೆಗೆಯುವಾಗ ಅದೇ ಅಳತೆಗೋಲು. ಯಂತ್ರದ ಗಡಿಯಾರವನ್ನು ನಂಬಿ ಕೂರಬೇಡಿ, ಸೆಲ್ ತೆಗೆದು ಬಹಳ ದಿನ ಬಿಟ್ಟರೆ ತಾರೀಖು ತಪ್ಪಬಹುದು, ಕಡತಗಳೆಲ್ಲ ಬೇರೆ ವರ್ಷದವಾಗಿ ಕೂರುತ್ತವೆ. ಬಾಯಿಮಾತಿನಲ್ಲಿ ಹೇಳಿದ್ದು ತಪ್ಪುವುದಿಲ್ಲ.

ಮೆಮೊರಿ ಕಾರ್ಡು ಯಂತ್ರದ ಜೊತೆ ಬರುವುದಿಲ್ಲ. 48 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 48 ಸಾವಿರ ಸಲ ಧ್ವನಿ ಅಳೆಯುವ ಸ್ಟೀರಿಯೋದಲ್ಲಿ ಒಂದು ಗಂಟೆಗೆ ಸುಮಾರು 1.4 ಜಿಬಿ ತಿನ್ನುತ್ತದೆ, ಅಂದರೆ 32 ಜಿಬಿ ಕಾರ್ಡಿಗೆ ಇಪ್ಪತ್ತು ಗಂಟೆಗೆ ಮೋಸವಿಲ್ಲ. 96 ಕಿಲೋಹರ್ಟ್ಸ್ ಆಯ್ಕೆ ಇದೆಯೆಂದು ಅದಕ್ಕೆ ಹೋಗಬೇಡಿ, ಜಾಗ ಇಮ್ಮಡಿ ಖರ್ಚು, ಈ ಮೈಕಿಗೆ ಅದರಿಂದ ಲಾಭವಿಲ್ಲ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವು ಕನಿಷ್ಠವೆಂದು ಹೇಳುವುದು 48 ಕಿಲೋಹರ್ಟ್ಸ್, 24 ಬಿಟ್. ಸುಳ್ಳು ಗಾತ್ರ ಬರೆದ ನಕಲಿ ಕಾರ್ಡುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. 64 ಎಂದು ಬರೆದಿರುತ್ತದೆ, ಒಳಗೆ ಇರುವುದು 8, ತುಂಬಿದ ಮೇಲೆ ಹಳೆಯದರ ಮೇಲೇ ಬರೆದು ಎಲ್ಲವನ್ನೂ ಕೆಡಿಸುತ್ತದೆ. ಹೊಸ ಕಾರ್ಡನ್ನು ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಲ್ಲಿ ಪೂರ್ತಿ ತುಂಬಿಸಿ ಪರೀಕ್ಷಿಸಿ, ಆಮೇಲೆ ಯಂತ್ರದಲ್ಲೇ ಫಾರ್ಮ್ಯಾಟ್ ಮಾಡಿ.

ಸೆಲ್ಲು ಸುಮಾರು 10 ಗಂಟೆ ಬರುತ್ತದೆಂಬುದು ಕಂಪನಿಯ ಮಾತು. ಹೊಸ ಆಲ್ಕಲೈನ್ ಸೆಲ್ಲಿಗೆ ಹೇಳಿದ ಲೆಕ್ಕ ಅದು, ಹಳೆಯ ರೀಚಾರ್ಜ್ ಸೆಲ್ ಹಾಕಿ ರಾತ್ರಿಯಾಟಕ್ಕೆ ಕೂರಬೇಡಿ. ಮೆನುವಿನಲ್ಲಿ ಸೆಲ್ಲಿನ ಬಗೆಯನ್ನು ಸರಿಯಾಗಿ ಆರಿಸದಿದ್ದರೆ ಪರದೆಯ ಮೇಲಿನ ಬ್ಯಾಟರಿ ಗುರುತು ದಾರಿ ತಪ್ಪಿಸುತ್ತದೆ. ಪವರ್‌ಬ್ಯಾಂಕ್ ಸಿಕ್ಕಿಸಬಹುದು, ಆದರೆ ಯಂತ್ರ ಎಳೆಯುವ ಕರೆಂಟು ತೀರ ಕಡಿಮೆಯಾದ್ದರಿಂದ ಕೆಲವು ಪವರ್‌ಬ್ಯಾಂಕುಗಳು ಏನೂ ಸಿಕ್ಕಿಸಿಲ್ಲವೆಂದು ಬಗೆದು ತಾವೇ ಆರಿಹೋಗುತ್ತವೆ. ಮನೆಯಲ್ಲಿ ಒಂದು ಗಂಟೆ ಓಡಿಸಿ ನೋಡಿ ಒಯ್ಯಿರಿ, ಒಳಗೆ ಸೆಲ್ಲೂ ಇರಲಿ. ಗೋಡೆಯ ಚಾರ್ಜರಿಗೆ ಸಿಕ್ಕಿಸಿದರೆ ಕೆಲವೊಮ್ಮೆ ಗುಂಯ್ ಸೇರಿಕೊಳ್ಳುತ್ತದೆ. ನಿಲ್ಲಿಸುವ ಗುಂಡಿ ಒತ್ತುವ ಮೊದಲು ಸೆಲ್ ಕಿತ್ತರೆ ಕಡತದ ತಲೆಬರಹ ಪೂರ್ತಿಯಾಗದೆ ತೆರೆಯದೇ ಹೋಗಬಹುದು. ಪ್ರಸಂಗದ ನಡುವೆ ವಿರಾಮ ಸಿಕ್ಕಾಗ ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡುವುದು ಜಾಣತನ.

ಈಗ ಎಚ್1ರ ದೊಡ್ಡ ಕೊರತೆ. ಇದು ಬರೆಯುವುದು 32 ಬಿಟ್ ಫ್ಲೋಟ್ ಕಡತವನ್ನೇ, ಎಂಪಿ3 ಆಯ್ಕೆ ಇಲ್ಲ. ಅನೇಕ ಫೋನುಗಳು, ಟಿವಿಯ ಪೆನ್‌ಡ್ರೈವ್ ತೂತು ಈ ಕಡತವನ್ನು ನುಡಿಸುವುದಿಲ್ಲ. ಹಾಡಿದವರು ‘ಎಲ್ಲಿ, ಕೇಳಿಸಿ’ ಎಂದಾಗ ಯಂತ್ರದ ಸಣ್ಣ ಸ್ಪೀಕರಿನಲ್ಲಿ ತಗಡಿನಂಥ ದನಿ ಕೇಳಿಸುವ ಬದಲು ಹೆಡ್‌ಫೋನ್ ಒಯ್ದಿರಿ, ಅವರ ಮುಖ ಅರಳುತ್ತದೆ. ಮನೆಗೆ ಬಂದ ಮೇಲೆ ಉಚಿತವಾಗಿ ಸಿಗುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ತೆರೆದು, ಅತಿ ಎತ್ತರದ ಅಲೆ ಮೈನಸ್ 3 ಡೆಸಿಬೆಲ್‌ಗೆ ಬರುವಂತೆ ನಾರ್ಮಲೈಸ್ ಮಾಡಿ, 24 ಬಿಟ್ ವೇವ್ ಆಗಿ ಒಂದು, 128 ಕೆಬಿಪಿಎಸ್ ಎಂಪಿ3 ಆಗಿ ಒಂದು ತೆಗೆಯಿರಿ. ಮೂಲ ಕಡತವನ್ನು ಮುಟ್ಟಬೇಡಿ. ಗದ್ದಲ ತೆಗೆಯುವ ಆಯ್ಕೆಯನ್ನು ಸಂಗ್ರಹದ ಪ್ರತಿಗೆ ಎಂದೂ ಹಾಕಬಾರದು, ಅದು ತಂಬೂರಿಯನ್ನು ಫೋನಿನ ಹಾಗೆಯೇ ಕೊಲ್ಲುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ಹಳೆಯ ನಿಯಮ ಇಲ್ಲೂ ಸರಿ.

ಪಠ್ಯ ಬರೆದುಕೊಳ್ಳಲು ನೆದರ್ಲೆಂಡ್ಸಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಇಲಾನ್ ಎಂಬ ಉಚಿತ ತಂತ್ರಾಂಶ ಎಚ್1ಕ್ಕೆ ಒಳ್ಳೆಯ ಜೊತೆ. ಧ್ವನಿಯ ಅಲೆಯ ಕೆಳಗೆ ಸಾಲುಸಾಲಾಗಿ ಬರೆಯುತ್ತ ಹೋಗಬಹುದು: ಒಂದರಲ್ಲಿ ಹಾಡಿದ ಮಾತು, ಇನ್ನೊಂದರಲ್ಲಿ ಸೊಲ್ಲು, ಮತ್ತೊಂದರಲ್ಲಿ ಅರ್ಥ. ಯಾವುದೇ ಸಾಲನ್ನು ಒತ್ತಿದರೆ ಆ ಕ್ಷಣದ ಧ್ವನಿಯೇ ನುಡಿಯುತ್ತದೆ. ಕೋಲಾರ, ಚಿಂತಾಮಣಿ ಕಡೆ ಒಂದೇ ಕೂಟದಲ್ಲಿ ತೆಲುಗು ಪದವೂ ಕನ್ನಡ ಪದವೂ ಬರುತ್ತವೆ. ತೆಲುಗಿನದನ್ನು ಕನ್ನಡ ಲಿಪಿಯಲ್ಲಿ ಒಂದು ಸಾಲು, ಕನ್ನಡದ ಅರ್ಥಕ್ಕೆ ಒಂದು ಸಾಲು ಇಟ್ಟುಕೊಳ್ಳಿ. ಯುನಿಕೋಡಿನಲ್ಲೇ ಟೈಪ್ ಮಾಡಬೇಕು, ಹಳೆಯ ನುಡಿ ಆಸ್ಕಿ ಅಕ್ಷರ ಇಲ್ಲಿ ಗೋಜಲಾಗುತ್ತದೆ. ಇಲಾನಿಗೆ 16 ಬಿಟ್ ವೇವ್ ಪ್ರತಿ ಕೊಟ್ಟರೆ ತಕರಾರಿಲ್ಲ. ಕಡತದ ಹೆಸರಿಗೆ ಮಾತ್ರ ಇಂಗ್ಲಿಷ್ ಅಕ್ಷರ, ಜಾಗ ಬಿಡದೆ: ತಾಲ್ಲೂಕಿನ ಮೂರಕ್ಷರ, ವರ್ಷ-ತಿಂಗಳು-ದಿನ, ಕ್ರಮಸಂಖ್ಯೆ.

ಯಾವ ಯಂತ್ರವೂ ಮಾಡಿಕೊಡದ ಕೆಲಸ ಒಂದಿದೆ, ಕೇಳುವುದು. ಗಣೆಯನ್ನು ದೇವರೆಂದೇ ಕಾಣುವ ಹಟ್ಟಿಯಲ್ಲಿ ಯಜಮಾನರನ್ನೂ ಪೂಜಾರಿಯನ್ನೂ ಕೇಳದೆ ಸ್ಟ್ಯಾಂಡ್ ಊರಬಾರದು. ಸಾವಿನ ಹಾಡನ್ನು ಶುಭದ ಮನೆಯಲ್ಲಿ ಹಾಡಿಸಬಾರದು. ಹಸೆಗೆ ಕರೆಯುವ ಹಾಡು, ಹೆಣ್ಣೊಪ್ಪಿಸುವ ಹಾಡುಗಳನ್ನು ಸುಮ್ಮನೆ ಕೂರಿಸಿ ಹಾಡಿಸಿದರೆ ಪದ ಸಿಗುತ್ತದೆ, ಅದರೊಡನೆ ನಡೆಯುವ ಶಾಸ್ತ್ರ ಸಿಗುವುದಿಲ್ಲ. ಒಪ್ಪಿಗೆಯನ್ನು ಯಂತ್ರದಲ್ಲೇ ಹೇಳಿಸಿಕೊಳ್ಳಿ, ಮೂರು ಮಟ್ಟದಲ್ಲಿ: ಮನೆಯವರಿಗೆ ಮಾತ್ರ, ಊರಿಗೆ, ಎಲ್ಲರಿಗೆ. ಇಂಡೋನೇಷ್ಯಾ 2017ರಲ್ಲಿ ತಂದ ಸಂಸ್ಕೃತಿಯ ಕಾಯ್ದೆ ಕಾಪಾಡಬೇಕಾದ ಹತ್ತು ಬಗೆಗಳನ್ನು ಹೆಸರಿಸುತ್ತದೆ. ಮೌಖಿಕ ಪರಂಪರೆ ಮೊದಲನೆಯದು, ನಂತರ ಹಸ್ತಪ್ರತಿ, ಆಚಾರ, ವಿಧಿ, ಪಾರಂಪರಿಕ ಜ್ಞಾನ, ಪಾರಂಪರಿಕ ತಂತ್ರಜ್ಞಾನ, ಕಲೆ, ಭಾಷೆ, ಜನಪದ ಆಟ, ಕ್ರೀಡೆ. ತಮ್ಮ ನೆಲದಲ್ಲಿ ಇವು ಯಾವ ಸ್ಥಿತಿಯಲ್ಲಿವೆಯೆಂದು ಜಿಲ್ಲೆ, ನಗರಗಳೇ ಮೊದಲು ಬರೆದುಕೊಡಬೇಕೆಂಬುದು ಅದರ ಕ್ರಮ. ಈ ಹತ್ತು ತಲೆಬರಹಗಳನ್ನು ಒಂದು ಹಾಳೆಯಲ್ಲಿ ಬರೆದು ದಾಖಲೆಯ ಜೊತೆ ಇಟ್ಟುಕೊಂಡರೆ ಬಹಳ ಉಪಯೋಗ. ಜುಂಜಪ್ಪನ ಗಣೆಯನ್ನೇ ತೆಗೆದುಕೊಳ್ಳಿ, ಹಾಡು ಮೊದಲನೇ ತಲೆಬರಹಕ್ಕೆ ಸೇರಿದರೆ ಪೂಜೆ ವಿಧಿಗೆ, ಬಿದಿರು ಆರಿಸಿ ತೂತು ಕೊರೆಯುವ ಬಗೆ ತಂತ್ರಜ್ಞಾನಕ್ಕೆ, ಹಟ್ಟಿಯ ಮಾತು ಭಾಷೆಗೆ. ಖಾಲಿ ಉಳಿದ ತಲೆಬರಹಗಳೇ ಮುಂದಿನ ಸಲ ಕೇಳಬೇಕಾದ ಪ್ರಶ್ನೆಗಳು.

ಹಿಡಿದದ್ದನ್ನು ಊರಿಗೆ ಮರಳಿಸುವ ಮಾದರಿ ನಮ್ಮ ಸೀಮೆಯಲ್ಲೇ ಇದೆ. ಸಮುದಾಯ ರೇಡಿಯೋಗೆ ಪರವಾನಗಿ ಸಿಗದ ಕಾಲದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ತಂಡ ಕೇಬಲ್ ತಂತಿಯ ಮೂಲಕವೇ ಹಳ್ಳಿಯ ದನಿಯನ್ನು ಹಳ್ಳಿಯ ಮನೆಗಳಿಗೆ ಮುಟ್ಟಿಸಿತ್ತು. ಈಗ ಒಂದು ಪೆನ್‌ಡ್ರೈವ್ ಸಾಕು. ಹಾಡಿದವರ ಮನೆಗೆ, ಊರಿನ ಶಾಲೆಗೆ, ಭಜನೆ ಮನೆಗೆ ಒಂದೊಂದು ಎಂಪಿ3 ಪ್ರತಿ ಕೊಡಿ.

ಇನ್ನು ಯಾರಿಗೆ ಇದು ಬೇಡ? ಬರಿ ಮಾತು, ಕಥೆ, ಒಗಟು, ಗಾದೆ ಸಂಗ್ರಹಿಸುವವರಿಗೆ ಟಾಸ್ಕಾಮ್ ಡಿಆರ್-05ಎಕ್ಸ್ ಸಾಕು. ಅದು ದೊಡ್ಡ ಡಬಲ್-ಎ ಸೆಲ್ಲಿನಲ್ಲಿ ಹೆಚ್ಚು ಹೊತ್ತು ಓಡುತ್ತದೆ, ಎಂಪಿ3ಯನ್ನೂ ನೇರ ಬರೆಯುತ್ತದೆ, ಆದರೆ ಮಟ್ಟ ನೀವೇ ಹೊಂದಿಸಬೇಕು. ಅದರ ಮೈಕು ಸುತ್ತಲಿನ ಸದ್ದನ್ನೆಲ್ಲ ಸಮನಾಗಿ ಹಿಡಿಯುವುದರಿಂದ ಗದ್ದಲದ ಜಾತ್ರೆಗೆ ಹೊಂದುವುದಿಲ್ಲ. ಮೈಕ್ ಸೆಟ್ಟಿನಿಂದ ನೇರ ದಪ್ಪ ಪಿನ್ನಿನ ವೈರು ಎಳೆಯಬೇಕೆನ್ನುವ ತಂಡಗಳು ಅದಕ್ಕೆ ಬೇಕಾದ ಎಕ್ಸ್‌ಎಲ್‌ಆರ್ ತೂತಿರುವ ಜೂಮ್‌ನದೇ ಎಚ್4 ಎಸೆನ್ಷಿಯಲ್‌ಗೆ ಹೋಗಬೇಕು. ಎಚ್1ರ ಮೆನು ಕನ್ನಡದಲ್ಲಿಲ್ಲ, ಆದರೆ ಒಮ್ಮೆ 48 ಕಿಲೋಹರ್ಟ್ಸ್, ಸೆಲ್ಲಿನ ಬಗೆ, ತಾರೀಖು ಹೊಂದಿಸಿಟ್ಟರೆ ಆಮೇಲೆ ಬೇಕಾದುದು ಕೆಂಪು ಗುಂಡಿಯೊಂದೇ. ಬಿಡುಗಡೆಯಾದಾಗ ಅಮೆರಿಕದಲ್ಲಿ ಸುಮಾರು 100 ಡಾಲರ್ ಇತ್ತು. ಇಲ್ಲಿ ಕೊಳ್ಳುವಾಗ ತುಪ್ಪಳದ ಗವುಸು, ಸಣ್ಣ ಸ್ಟ್ಯಾಂಡ್, ಎರಡು ಕಾರ್ಡು, ಹೆಡ್‌ಫೋನ್, ಎರಡು ಜೊತೆ ಸೆಲ್ಲು ಇಷ್ಟಕ್ಕೂ ದುಡ್ಡು ತೆಗೆದಿಡಿ, ಬಿಲ್ಲಿನ ಮೇಲೆ ಯಂತ್ರದ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ.